‘ನಿಮಗೆ ಯಾವ ವಿಷಯ ಇಷ್ಟ?’: ಪಿಎಚ್‌ಡಿ ಇಂಟರ್‌ವ್ಯೂಗೆ ಎರಡನೇ ಸಲ

ಭೌತಶಾಸ್ತ್ರದ ಪಿಎಚ್‌ಡಿ ಇಂಟರ್‌ವ್ಯೂಗೆ ಹೋದರೆ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ‘ಯಾವುದರಿಂದ ಶುರು ಮಾಡೋಣ? ನಿಮಗೆ ಯಾವ ವಿಷಯ ಇಷ್ಟ?’ ಮೊದಲ ವರ್ಷ ನಾನು ಕ್ವಾಂಟಮ್ ಮೆಕ್ಯಾನಿಕ್ಸ್ ಅಂದೆ, ಅಂದರೆ ಎಲೆಕ್ಟ್ರಾನಿನಂಥ ಸಣ್ಣ ಕಣಗಳ ಲೆಕ್ಕ. ಮರುವರ್ಷ ಅದೇ ಕೋಣೆಯಲ್ಲಿ ನಿಂತು ಕ್ಲಾಸಿಕಲ್ ಮೆಕ್ಯಾನಿಕ್ಸ್ ಅಂದೆ, ಅಂದರೆ ಕಣ್ಣಿಗೆ ಕಾಣುವ ವಸ್ತುಗಳ ಚಲನೆಯ ಲೆಕ್ಕ. ಈ ಎರಡು ಉತ್ತರಗಳ ನಡುವಿನ ವರ್ಷದಲ್ಲಿ ಏನೇನು ಮಾಡಿದೆ ಅಂತ ಬರೆದಿಡುತ್ತಿದ್ದೇನೆ. ಮತ್ತೆ ಅರ್ಜಿ ಹಾಕಲೋ ಬೇಡವೋ ಅಂತ ಕೂತಿರುವವರಿಗೆ ಉಪಯೋಗಕ್ಕೆ ಬಂದೀತು.

ನಮ್ಮೂರು ಬ್ಯಾಡಗಿ. ಅಪ್ಪ ಅಲ್ಲಿನ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಹತ್ತನೇ ಕ್ಲಾಸಿನ ತನಕ ನಾನು ಓದಿದ್ದು ಕನ್ನಡ ಮೀಡಿಯಂ. ಎಂಎಸ್ಸಿ ಧಾರವಾಡದಲ್ಲಿ. ಕೊನೇ ವರ್ಷ ಪ್ರವೇಶ ಪರೀಕ್ಷೆಗಳಾದ ಗೇಟ್ ಮತ್ತು ಜೆಸ್ಟ್ ಎರಡೂ ಬರೆದೆ. ಬೆಂಗಳೂರಿನ ಒಂದು ಸಂಸ್ಥೆಯಿಂದ ಇಂಟರ್‌ವ್ಯೂಗೆ ಕರೆ ಬಂತು. ಒಳಗೆ ನಡೆದ ಮಾತನ್ನೆಲ್ಲ ಬರೆಯುತ್ತಿರುವುದರಿಂದ ಅದರ ಹೆಸರು ಬೇಡ.

ಪ್ಯಾನೆಲ್‌ನಲ್ಲಿ ನಾಲ್ಕು ಜನ. ಎದುರಿಗೆ ಬೋರ್ಡ್, ಕೈಯಲ್ಲಿ ಸೀಮೆಸುಣ್ಣ. ಕ್ವಾಂಟಮ್ ಅಂದ ಕೂಡಲೇ ಒಬ್ಬರು ಕೇಳಿದರು. ಸ್ಪ್ರಿಂಗಿಗೆ ಕಟ್ಟಿದ ಕಣದ ಹಾಗಿರುವ ಹಾರ್ಮಾನಿಕ್ ಆಸಿಲೇಟರ್ ಗೊತ್ತಲ್ವಾ, ಅದರ ನಟ್ಟನಡುವೆ ದಾಟಲಾಗದ ಗೋಡೆ ಇಟ್ಟರೆ ಶಕ್ತಿಯ ಮಟ್ಟಗಳು ಏನಾಗುತ್ತವೆ? ನಾನು ತಿರುಗಿ ಬೋರ್ಡಿನ ಮೇಲೆ ಶ್ರೋಡಿಂಗರ್ ಸಮೀಕರಣ ಬರೆದು ಮೊದಲಿನಿಂದ ಬಿಡಿಸೋಕೆ ಶುರು ಮಾಡಿದೆ. ‘ಬಿಡಿಸೋದು ಬೇಡ, ಚಿತ್ರ ಬರೀರಿ’ ಅಂದರು. ಯಾವ ಚಿತ್ರ ಅಂತ ಹೊಳೆಯಲಿಲ್ಲ. ಸುಮ್ಮನೆ ನಿಂತೆ. ಅವರು ಕಾದರು. ಇನ್ನೊಬ್ಬರು ಸಣ್ಣ ಸುಳಿವು ಕೊಟ್ಟರು. ಅದೂ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ.

ಉತ್ತರ ತುಂಬಾ ಸರಳ. ಕ್ವಾಂಟಮ್ ಲೆಕ್ಕದಲ್ಲಿ ಕಣವನ್ನು ಅಲೆಯಾಗಿ ಬರೆಯುತ್ತೇವೆ, ಗೋಡೆ ಇರುವ ಜಾಗದಲ್ಲಿ ಆ ಅಲೆ ಸೊನ್ನೆ ಆಗಲೇಬೇಕು. ಹಳೆಯ ಅಲೆಗಳಲ್ಲಿ ಒಂದು ಬಿಟ್ಟು ಒಂದು, ನಡುವಿನಲ್ಲಿ ಮೊದಲೇ ಸೊನ್ನೆ ಆಗಿರುತ್ತವೆ. ಉಳಿಯುವುದು ಅವಷ್ಟೇ. ಹಾಗಾಗಿ 1/2, 3/2, 5/2, 7/2 ಅಂತ ಹೋಗುತ್ತಿದ್ದ ಮಟ್ಟಗಳಲ್ಲಿ 3/2, 7/2, 11/2 ಮಾತ್ರ ಉಳಿಯುತ್ತವೆ. ಒಂದು ಸಾಲಿನ ಲೆಕ್ಕವೂ ಬೇಡ. ನಾಲ್ಕು ಅಲೆಗಳ ಚಿತ್ರ ಸಾಕು. ಇದು ನನಗೆ ಹೊಳೆದದ್ದು ಆ ರಾತ್ರಿ ಊರಿಗೆ ಹೋಗುವ ಬಸ್ಸಿನಲ್ಲಿ, ತುಮಕೂರು ದಾಟಿದ ಮೇಲೆ.

ಲಿಸ್ಟಿನಲ್ಲಿ ಹೆಸರು ಇರಲಿಲ್ಲ. ಅಪ್ಪನಿಗೆ ಹೇಳಿದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಒಂದೇ ಮಾತು ಕೇಳಿದರು. ‘ಅವರು ಕೇಳಿದ್ದು ನಿನಗ ಗೊತ್ತಿರಲಿಲ್ಲೇನವಾ, ಇಲ್ಲಾ ಹೇಳಾಕ ಬರಲಿಲ್ಲೇನು?’

ನಾನು ಥಟ್ಟನೆ ಉತ್ತರ ಕೊಡಲಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಂಡು ಆ ಕೋಣೆಯಲ್ಲಿ ಕೇಳಿದ್ದನ್ನೆಲ್ಲ ನೆನಪು ಮಾಡಿ ಬರೆದೆ. ಹನ್ನೊಂದು ಪ್ರಶ್ನೆ ಆದವು. ಪುಸ್ತಕ ಮುಟ್ಟದೆ ಒಂದೊಂದನ್ನೇ ಮಾಡುತ್ತಾ ಹೋದೆ. ಎಂಟು ಬಂದವು. ಮೂರು ನಿಜವಾಗಿ ಗೊತ್ತಿರಲಿಲ್ಲ. ಅಂದರೆ ಮೂರಕ್ಕೆ ಓದಬೇಕಿತ್ತು. ಉಳಿದ ಎಂಟಕ್ಕೆ ಓದು ಸಾಕಾಗಿತ್ತು, ಬೇರೆ ಏನೋ ಬೇಕಿತ್ತು. ಯಾರಾದರೂ ಇಂಟರ್‌ವ್ಯೂನಲ್ಲಿ ಆಗಲಿಲ್ಲ ಅಂತ ಬಂದರೆ ನಾನು ಮೊದಲು ಹೇಳೋದು ಇದನ್ನೇ: ಎರಡು ದಿನದೊಳಗೆ ಬರೆದಿಡಿ. ಮೂರನೇ ದಿನಕ್ಕೆ ಪ್ರಶ್ನೆಗಳು ಮರೆತು ಬೇಜಾರು ಮಾತ್ರ ಉಳಿದಿರುತ್ತದೆ.

ಆ ಜುಲೈನಲ್ಲಿ ಒಂದು ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಆಗಿ ಸೇರಿದೆ. ಮನೆಗೂ ದುಡ್ಡು ಬೇಕಿತ್ತು. ಇಷ್ಟು ಉಪಯೋಗ ಆಗುತ್ತದೆ ಅಂತ ಮಾತ್ರ ಆಗ ಅಂದುಕೊಂಡಿರಲಿಲ್ಲ. ಬೋರ್ಡಿಗೆ ಪಕ್ಕವಾಗಿ ನಿಂತು, ಬರೆಯುತ್ತಲೇ ಮಾತಾಡುವುದು ರೂಢಿ ಆಯಿತು. ಇಂಟರ್‌ವ್ಯೂನಲ್ಲಿ ನಾನು ಪ್ಯಾನೆಲ್‌ಗೆ ಬೆನ್ನು ಹಾಕಿ, ಬಾಯಿ ಮುಚ್ಚಿ ಬರೆದಿದ್ದೆ. ತಲೆಯೊಳಗೆ ಕನ್ನಡದಲ್ಲಿ ಯೋಚನೆ ಓಡುತ್ತಿತ್ತು, ಅದನ್ನು ಇಂಗ್ಲಿಷ್ ಮಾಡಿ ಹೇಳುವಷ್ಟರಲ್ಲಿ ಅದು ಮುಂದೆ ಹೋಗಿಬಿಡುತ್ತಿತ್ತು. ಎದುರು ಕೂತವರಿಗೆ ಕಂಡದ್ದು ಬರೀ ಮೌನ. ನಾನು ಯೋಚಿಸುತ್ತಿದ್ದೇನೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಒಂದು ದಿನ ವೃತ್ತೀಯ ಚಲನೆ ಪಾಠ. ನೀರು ತುಂಬಿದ ಬಕೆಟ್ ತಲೆಯ ಮೇಲೆ ತಿರುಗಿಸಿದರೆ ನೀರು ಯಾಕೆ ಬೀಳಲ್ಲ ಅನ್ನುವ ಲೆಕ್ಕ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು, ‘ಮಿಸ್, ಬಳೀ ಒಳಗ ಮಣಿ ಹಾಕಿ ಬಳೀನ ತಿರುಗಿಸಿದ್ರ ಮಣಿ ಮ್ಯಾಲ ಬರ್ತೈತೇನ್ರಿ?’ ಎಂಎಸ್ಸಿಯಲ್ಲಿ ಈ ಲೆಕ್ಕ ನಾವೆಲ್ಲ ಮಾಡಿರುತ್ತೇವೆ: ತಿರುಗುವ ಉಂಗುರದ ಮೇಲೆ ಜಾರುವ ಮಣಿ. ಪರೀಕ್ಷೆಗೆ ಬರೆದಿದ್ದೆ, ಕಣ್ಣಿಂದ ಯಾವತ್ತೂ ನೋಡಿರಲಿಲ್ಲ.

ಸಂಜೆ ಹಾರ್ಡ್‌ವೇರ್ ಅಂಗಡಿಯಿಂದ ದಪ್ಪ ತಂತಿ ತಂದೆ. ಅಡ್ಡಳತೆ ಸುಮಾರು 6 ಸೆಂಟಿಮೀಟರ್ ಬರುವ ಹಾಗೆ ಬಗ್ಗಿಸಿ, ಗಾಜಿನ ಮಣಿ ಪೋಣಿಸಿ, ತುದಿ ಕೂಡಿಸಿದೆ. ಮೇಲಿಂದ ದಾರ ಕಟ್ಟಿ, ದಾರಕ್ಕೆ ಚೆನ್ನಾಗಿ ಹುರಿ ಹಾಕಿ ಬಿಟ್ಟೆ. ಉಂಗುರ ಗಿರ್ರನೆ ತಿರುಗಿತು. ಮೊದಲು ಮಣಿ ತಳದಲ್ಲೇ ಕೂತಿತ್ತು. ವೇಗ ಒಂದು ಮಟ್ಟ ದಾಟಿದ ಮೇಲೆ ಮೆಲ್ಲಗೆ ಒಂದು ಬದಿಗೆ ಏರಿ ಅಲ್ಲೇ ನಿಂತಿತು. ಲೆಕ್ಕ ಹಾಕಿದರೆ ಆ ಅಳತೆಯ ಉಂಗುರಕ್ಕೆ ಸೆಕೆಂಡಿಗೆ ಸುಮಾರು ಮೂರು ಸುತ್ತು ಬರಬೇಕು. ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ಮಾಡಿ ಎಣಿಸಿದೆ. ಹತ್ತಿರ ಹತ್ತಿರ ಅಷ್ಟೇ ಇತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ. ನನಗೆ ಇಷ್ಟದ ವಿಷಯ ಯಾವುದು ಅಂತ ಅವತ್ತು ಗೊತ್ತಾಯಿತು. ಕ್ವಾಂಟಮ್ ಅಂದಿದ್ದು ಎಲ್ಲರೂ ಅದನ್ನೇ ಅನ್ನುತ್ತಾರೆ ಅಂತ.

ಅರ್ಜಿಯ ಕೆಲಸವನ್ನೂ ಎರಡನೇ ಸಲ ಸರಿಯಾಗಿ ಮಾಡಿದೆ. ಗೇಟ್ ಅಂಕ ಮೂರು ವರ್ಷ ನಡೆಯುತ್ತದೆ, ಅದನ್ನು ಮತ್ತೆ ಬರೆಯಲಿಲ್ಲ. ಜೆಸ್ಟ್ ಮತ್ತೆ ಬರೆದೆ. ಜೆಸ್ಟ್ ಬರೆದರೆ ಎಲ್ಲ ಕಡೆ ತಾನಾಗಿ ಅರ್ಜಿ ಹೋಗುತ್ತದೆ ಅಂತ ನಮ್ಮ ಕಡೆ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಐಐಎಸ್ಸಿ, ರಾಮನ್ ಸಂಶೋಧನಾ ಸಂಸ್ಥೆ, ಹೆಸರಘಟ್ಟದ ಕಡೆಯ ಸೈದ್ಧಾಂತಿಕ ವಿಜ್ಞಾನ ಕೇಂದ್ರ ಐಸಿಟಿಎಸ್, ಕೋರಮಂಗಲದ ಖಭೌತ ಸಂಸ್ಥೆ ಐಐಎ, ಪುಣೆಯ ಖಗೋಳ ಕೇಂದ್ರ ಐಯುಕಾ, ಒಂದೊಂದಕ್ಕೂ ಬೇರೆ ಬೇರೆ ಫಾರ್ಮ್ ತುಂಬಬೇಕು, ಬೇರೆ ಬೇರೆ ಕೊನೇ ದಿನ. ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡೆ. ಶಿಫಾರಸು ಪತ್ರಕ್ಕೆ ಧಾರವಾಡದ ಅದೇ ಮೇಷ್ಟ್ರ ಹತ್ತಿರ ಮತ್ತೆ ಹೋಗೋಕೆ ಸಂಕೋಚ ಆಗುತ್ತಿತ್ತು. ಹೋದೆ. ‘ಈ ಸಲ ಏನು ಹೊಸದು ಬರೀಲಿ ಹೇಳು’ ಅಂದರು. ಉಂಗುರದ ವಿಡಿಯೊ ತೋರಿಸಿದೆ. ಅವರು ಅದನ್ನು ಎರಡು ಸಲ ನೋಡಿದರು.

ಹೋದ ವರ್ಷ ಅರ್ಜಿಯ ಜೊತೆ ಕೊಡೋಕೆ ನಾನೇ ಬರೆದ ಸ್ಟೇಟ್‌ಮೆಂಟ್ ತೆಗೆದು ಓದಿದೆ. ಚಿಕ್ಕಂದಿನಿಂದ ವಿಜ್ಞಾನದಲ್ಲಿ ಆಸಕ್ತಿ, ದೇಶಕ್ಕೆ ಸೇವೆ, ಇಂಥವೇ ಸಾಲುಗಳು. ಸುಳ್ಳೇನಲ್ಲ. ಆದರೆ ಅದು ಯಾರು ಬೇಕಾದರೂ ಬರೆಯಬಹುದಾದದ್ದು. ಅಷ್ಟನ್ನೂ ತೆಗೆದು ಒಂದು ಪುಟದಲ್ಲಿ ಮಣಿಯ ವಿಷಯ ಬರೆದೆ, ಎಲ್ಲಿ ಲೆಕ್ಕ ಕೂಡಿತು, ಎಲ್ಲಿ ಕೂಡಲಿಲ್ಲ ಅಂತ.

ಶನಿವಾರ ಮಧ್ಯಾಹ್ನ ನಮ್ಮ ಕಾಲೇಜಿನ ಗಣಿತದ ಮೇಡಂ ಖಾಲಿ ಕ್ಲಾಸಿನಲ್ಲಿ ಒಂದು ಗಂಟೆ ಕೂತು ಪ್ರಶ್ನೆ ಕೇಳುತ್ತಿದ್ದರು. ಅವರದ್ದು ಒಂದೇ ನಿಯಮ, ಅರ್ಧ ನಿಮಿಷಕ್ಕಿಂತ ಜಾಸ್ತಿ ಸುಮ್ಮನಿರಬಾರದು. ಏನೂ ತೋಚದಿದ್ದರೆ ಚಿತ್ರ ಬರೆದು ಅದರಲ್ಲಿ ಕಾಣುವುದನ್ನು ಹೇಳಬೇಕು. ಇಂಗ್ಲಿಷಿನಲ್ಲಿ ಐದಾರು ವಾಕ್ಯ ಬಾಯಿಗೆ ಕೂರಿಸಿಕೊಂಡೆ: ಒಂದು ನಿಮಿಷ ಕೊಡಿ, ಮೊದಲು ಸುಲಭದ ಸಂದರ್ಭ ನೋಡುತ್ತೇನೆ, ಈ ಪ್ಲಸ್-ಮೈನಸ್ ಗುರುತು ತಪ್ಪಿರಬೇಕು. ‘ಗೊತ್ತಿಲ್ಲ’ ಅನ್ನೋದನ್ನೂ ಅಭ್ಯಾಸ ಮಾಡಿದೆ. ಓದೇ ಇಲ್ಲದ್ದು ಬೇರೆ, ಓದಿ ಮರೆತದ್ದು ಬೇರೆ, ಗೊತ್ತಿಲ್ಲದಿದ್ದರೂ ಪ್ರಯತ್ನಿಸಬಹುದಾದದ್ದು ಬೇರೆ. ಯಾವುದು ಅಂತ ಬಿಡಿಸಿ ಹೇಳಿದರೆ ಎದುರಿನವರಿಗೆ ಮುಂದೆ ಏನು ಕೇಳಬೇಕು ಅಂತ ದಾರಿ ಸಿಗುತ್ತದೆ.

ಮೇ ತಿಂಗಳಲ್ಲಿ ಅದೇ ಸಂಸ್ಥೆಯಿಂದ ಮತ್ತೆ ಕರೆ ಬಂತು. ಹೊರಗೆ ಕಾಯುವ ಕೋಣೆಯಲ್ಲಿ ಅದೇ ಗದ್ದಲ. ಒಳಗಿಂದ ಬಂದವರನ್ನು ಸುತ್ತುವರಿದು ‘ಏನ್ ಕೇಳಿದ್ರು, ಏನ್ ಕೇಳಿದ್ರು’ ಅಂತ. ಹೋದ ವರ್ಷ ಅದನ್ನೆಲ್ಲ ಕೇಳಿಸಿಕೊಂಡೇ ಅರ್ಧ ಧೈರ್ಯ ಹೋಗಿತ್ತು. ಈ ಸಲ ಹೊರಗೆ ಮರದ ಕೆಳಗೆ ಕೂತು ಬುತ್ತಿಯ ರೊಟ್ಟಿ ತಿಂದೆ.

ಒಳಗೆ ಹೋದಾಗ ಒಬ್ಬರು ಗುರುತು ಹಿಡಿದರು. ‘ಹೋದ ವರ್ಷವೂ ಬಂದಿದ್ದಿರಿ ಅಲ್ವಾ? ಈ ವರ್ಷವೆಲ್ಲ ಏನು ಮಾಡಿದಿರಿ?’ ಪಿಯು ಮಕ್ಕಳಿಗೆ ಪಾಠ ಮಾಡಿದೆ, ತಂತಿಯ ಉಂಗುರ ಮಾಡಿದೆ ಅಂದೆ. ಕ್ಲಾಸಿಕಲ್ ಮೆಕ್ಯಾನಿಕ್ಸ್‌ನಿಂದ ಶುರು ಮಾಡೋಣ ಅಂದೆ. ಉಂಗುರದ ಸಮೀಕರಣ ಬರೆಯಿಸಿದರು. ಅದು ಸಲೀಸಾಗಿ ಬಂತು. ಆಮೇಲೆ ಪಕ್ಕದಲ್ಲಿದ್ದ ಮೇಡಂ ಕೇಳಿದರು, ‘ಮಣಿ ಇನ್ನೇನು ತಳ ಬಿಡಬೇಕು ಅನ್ನುವ ಆ ವೇಗದಲ್ಲೇ ಉಂಗುರ ತಿರುಗುತ್ತಿದೆ ಅಂದುಕೊಳ್ಳಿ. ಮಣಿಯನ್ನು ಸ್ವಲ್ಪ ತಳ್ಳಿದರೆ ಏನಾಗುತ್ತದೆ?’

ಅದನ್ನು ನಾನು ಯಾವತ್ತೂ ಯೋಚಿಸಿರಲಿಲ್ಲ. ‘ಗೊತ್ತಿಲ್ಲ ಮೇಡಂ, ಆದರೆ ಮಾಡಿ ನೋಡಬಹುದು’ ಅಂದೆ. ‘ನೋಡಿ’ ಅಂದರು. ತಳದ ಹತ್ತಿರ ಪೊಟೆನ್ಷಿಯಲ್, ಅಂದರೆ ಮಣಿಗೆ ಎಲ್ಲೆಲ್ಲಿ ಎಷ್ಟು ಸ್ಥಿತಿಶಕ್ತಿ ಅನ್ನೋದನ್ನು, ಬಿಡಿಸಿ ಬರೆದೆ. ಒಂದು ಗುರುತು ತಪ್ಪಿತು. ಉಂಗುರ ತಿರುಗದೇ ಇದ್ದರೆ ಬರೀ ಲೋಲಕ ಸಿಗಬೇಕಲ್ವಾ ಅಂತ ಜೋರಾಗಿಯೇ ಹೇಳಿ ನೋಡಿದೆ, ಸಿಗಲಿಲ್ಲ, ಹಾಗಾಗಿ ತಪ್ಪು ಎಲ್ಲಿದೆ ಅಂತ ಸಿಕ್ಕಿತು. ಸರಿ ಮಾಡಿದ ಮೇಲೆ ಆ ವೇಗದಲ್ಲಿ ಎರಡನೇ ಘಾತದ ಪದಗಳು ಒಂದನ್ನೊಂದು ಹೊಡೆದುಹಾಕಿ, ನಾಲ್ಕನೇ ಘಾತದ್ದು ಮಾತ್ರ ಉಳಿಯಿತು. ಅಂದರೆ ತಳ ಬೋಗುಣಿಯ ಹಾಗಿಲ್ಲ, ಅಂಚು ಮಾತ್ರ ಎತ್ತಿದ ತಟ್ಟೆಯ ಹಾಗಿದೆ. ಮಣಿ ತೂಗಾಡುತ್ತದೆ, ಆದರೆ ಲೋಲಕದ ಹಾಗಲ್ಲ. ತೂಗಾಟ ಅರ್ಧದಷ್ಟು ಚಿಕ್ಕದಾದರೆ ಅದಕ್ಕೆ ಹಿಡಿಯುವ ಸಮಯ ಎರಡು ಪಟ್ಟು ಆಗುತ್ತದೆ. ಅದು ಬೋರ್ಡಿನ ಮೇಲೆ ಕಂಡಾಗ ನನ್ನ ಬಾಯಿಂದ ಕನ್ನಡದಲ್ಲೇ ‘ಹೌದಲ್ವಾ!’ ಅಂತ ಬಂದುಬಿಟ್ಟಿತು. ಮನೆಯಲ್ಲಿ ಮಣಿ ತಳ ಬಿಡುವ ಮುಂಚೆ ಬಹಳ ಹೊತ್ತು ಅಳೆದು ಸುರಿದು ನಿಲ್ಲುತ್ತಿತ್ತು. ಅದೆಲ್ಲ ತಿಕ್ಕಾಟ ಅಂತ ಬಿಟ್ಟಿದ್ದೆ. ತಿಕ್ಕಾಟವೂ ಇತ್ತು, ಆದರೆ ಅದೊಂದೇ ಆಗಿರಲಿಲ್ಲ.

ಆಮೇಲೆ ಕ್ವಾಂಟಮ್‌ನಲ್ಲಿ ಒಂದು ಕೇಳಿದರು, ಮೊದಲು ಚಿತ್ರ ಬರೆದೆ, ಬಂತು. ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್‌ನಲ್ಲಿ ಎರಡು ಕೇಳಿದರು, ಒಂದು ಬರಲೇ ಇಲ್ಲ. ಓದಿದ್ದೆ, ಈಗ ನೆನಪಿಲ್ಲ ಅಂದೆ. ಮುಂದಿನದಕ್ಕೆ ಹೋದರು.

ಅದೇ ತಿಂಗಳು ಇನ್ನೊಂದು ಸಂಸ್ಥೆಯ ಇಂಟರ್‌ವ್ಯೂನಲ್ಲಿ ನನಗೆ ಆಗಲಿಲ್ಲ. ಅಲ್ಲಿಯ ಪ್ರಶ್ನೆಗಳನ್ನೂ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಇಲ್ಲಿಯ ಲಿಸ್ಟ್ ಜೂನ್‌ನಲ್ಲಿ ಬಂತು. ಅಪ್ಪ ಮಾರ್ಕೆಟ್‌ನಲ್ಲಿದ್ದರು, ಟೆಂಡರಿನ ಗದ್ದಲದಲ್ಲಿ ಫೋನಿನ ಮಾತು ಕೇಳಿಸಲಿಲ್ಲ. ಓಡಿ ಹೊರಗೆ ಬಂದು ‘ಏನಂದಿ? ಇನ್ನೊಮ್ಮೆ ಹೇಳು’ ಅಂದರು. ಇನ್ನೊಮ್ಮೆ ಹೇಳಿದೆ.

ಆಗಸ್ಟ್‌ನಲ್ಲಿ ಸೇರಿದೆ. ಉಂಗುರವನ್ನು ಪಿಯು ಕಾಲೇಜಿನ ಲ್ಯಾಬ್‌ನಲ್ಲೇ ಬಿಟ್ಟು ಬಂದೆ. ಬಳೆಯ ಪ್ರಶ್ನೆ ಕೇಳಿದ ಹುಡುಗಿ ಈಗ ಅದಕ್ಕೆ ಹಳೆಯ ಟೇಬಲ್ ಫ್ಯಾನಿನ ಮೋಟರ್ ಕೂಡಿಸಿದ್ದಾಳಂತೆ. ವೇಗ ಕಮ್ಮಿ ಮಾಡೋದು ಹೇಗೆ ಅಂತ ಮೆಸೇಜ್ ಮಾಡಿ ಕೇಳಿದ್ದಾಳೆ.