ಮೂರು ತಂಬಿಗೆ ನೀರಿನಲ್ಲಿ ಒಂದು ರೀಲು

ನನ್ನದು ಹಳೆಯ ಪೆಂಟಾಕ್ಸ್ ಕೆ1000. ಬೆಳಕು ಅಳೆಯುವ ಮೀಟರಿಗೊಂದು ಸಣ್ಣ ಸೆಲ್ ಬಿಟ್ಟರೆ ಬೇರೇನೂ ಕೇಳದ ಕ್ಯಾಮೆರಾ. ಅದಕ್ಕೆ ಇಲ್‌ಫೋರ್ಡ್ ಎಚ್‌ಪಿ5 ಕಪ್ಪು-ಬಿಳುಪು ರೀಲು ಹಾಕಿಕೊಂಡು ಹುಬ್ಬಳ್ಳಿಯಿಂದ ಗದಗ ಬಸ್ ಹತ್ತಿದೆ. ಅಲ್ಲಿಂದ ಲಕ್ಕುಂಡಿ ಹನ್ನೆರಡು ಕಿಲೋಮೀಟರ್ ಅಷ್ಟೇ.

ಕಾಶಿ ವಿಶ್ವೇಶ್ವರ ಗುಡಿಯ ಕಲ್ಲು ಹಸಿರು ಬೆರೆತ ಕಪ್ಪು. ಮೀಟರಿಗೆ ಅದು ತಿಳಿಯುವುದಿಲ್ಲ. ಎದುರಿಗೆ ಏನೇ ಇದ್ದರೂ ನಡುವಿನ ಬೂದು ಬಣ್ಣ ಎಂದೇ ಲೆಕ್ಕ ಹಾಕುತ್ತದೆ, ಕಪ್ಪು ಕಲ್ಲಿಗೆ ಬೆಳಕು ಜಾಸ್ತಿ ಕೇಳುತ್ತದೆ. ಮೊದಲ ಸಲ ಅದು ಹೇಳಿದಂತೆ ಕೇಳಿದೆ. ಬಾಗಿಲವಾಡದ ಕೆತ್ತನೆಯೆಲ್ಲ ವಿಭೂತಿ ಬಳಿದಂತೆ ಬಂತು. ಈಗ ಅದೇ ಬಿಸಿಲಿನಲ್ಲಿ ನನ್ನ ಅಂಗೈ ಹಿಡಿದು ಮೀಟರ್ ನೋಡುತ್ತೇನೆ. ಅಂಗೈ ಆ ಬೂದಿಗಿಂತ ಬಿಳಿ, ಅದಕ್ಕೆ ಒಂದು ಸ್ಟಾಪ್ ತೆರೆಯುತ್ತೇನೆ, ಅಂದರೆ ಬೆಳಕು ಎರಡರಷ್ಟು. ಕಲ್ಲು ಕಲ್ಲಾಗಿಯೇ ಬರುತ್ತದೆ.

ಚೀಲದಲ್ಲಿ ಇನ್‌ಸ್ಟಾಕ್ಸ್ ಮಿನಿ ಕೂಡ ಇರುತ್ತದೆ, ತೆಗೆದ ಚಿತ್ರವನ್ನು ಅಲ್ಲೇ ಕಾಗದದ ಮೇಲೆ ಕೊಡುವ ಕ್ಯಾಮೆರಾ, ಕಪ್ಪು-ಬಿಳುಪಿನ ಮೊನೊಕ್ರೋಮ್ ಪ್ಯಾಕ್ ಹಾಕಿ. ಹತ್ತೇ ಚಿತ್ರ, ತುಟ್ಟಿ. ಐಎಸ್ಒ 800, ಅಂದರೆ ಬೆಳಕಿಗೆ ಬಲು ಚುರುಕು, ಆದ್ದರಿಂದ ನಡುಮಧ್ಯಾಹ್ನ ಬಿಳಿ ಅಂಗಿಯೆಲ್ಲ ಸುಟ್ಟುಹೋಗುತ್ತದೆ, ನೆರಳೇ ಅದಕ್ಕೆ ಸರಿ. ಗುಡಿಯ ಬದಿಯ ಕಟ್ಟೆ ಮೇಲೆ ಕುಳಿತ ಅಜ್ಜಿಯೊಬ್ಬರು ‘ನಂದೊಂದು ತೆಗಿಯೋ ತಮ್ಮಾ’ ಎಂದರು. ತೆಗೆದು ಕೈಗೆ ಕೊಟ್ಟೆ. ಖಾಲಿ ಕಾಗದ ನೋಡಿ ನನ್ನ ಮುಖ ನೋಡಿದರು. ಒಂದೂವರೆ ನಿಮಿಷದಲ್ಲಿ ಮುಖ ಮೂಡಿತು. ‘ನಾನs ಖರೆ. ನನ್ನ ಇಳಕಲ್ ಸೀರಿ ಬಣ್ಣ ಎಲ್ಲಿ ಹೋತು?’ ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ತೆಗೆಯುವುದು ಸುಲಭ, ತೊಳೆಯುವುದು ಕಷ್ಟ. ಪುಸ್ತಕದ ಲೆಕ್ಕ 20 ಡಿಗ್ರಿಗೆ. ಚಿತ್ರ ಮೂಡಿಸುವ ಔಷಧಿ ಡಿ-76ಕ್ಕೆ ಸಮ ನೀರು ಬೆರೆಸಿದರೆ 11 ನಿಮಿಷ. ಏಪ್ರಿಲ್‌ನಲ್ಲಿ ನಮ್ಮ ಮಾಳಿಗೆಯ ಟ್ಯಾಂಕಿನ ನೀರಿಗೆ ಕೈ ಹಾಕಿದರೆ ಸ್ನಾನಕ್ಕೆ ಹದವಾಗಿರುತ್ತದೆ. ಥರ್ಮಾಮೀಟರ್ ಇದ್ದೂ ನೋಡದೆ ಆ ನೀರಲ್ಲೇ 11 ನಿಮಿಷ ತೊಳೆದೆ. ನೆಗೆಟಿವ್ ಇದ್ದಿಲಿನಷ್ಟು ಕಪ್ಪು, ಚಿತ್ರದ ಕಾಳು, ಅಂದರೆ ಗ್ರೇನ್, ಉಪ್ಪಿಟ್ಟಿನ ರವೆಯಷ್ಟು ದಪ್ಪ. ಈಗ ಬಕೆಟ್ಟಿನಲ್ಲಿ ಐಸ್ ಹಾಕಿ ಬಾಟಲಿಗಳನ್ನು ಇಡುತ್ತೇನೆ. 20ಕ್ಕೆ ಇಳಿಸಲು ಹೋಗುವುದಿಲ್ಲ, ಅಷ್ಟು ಐಸ್ ಫ್ರಿಜ್‌ನಲ್ಲಿ ಇರುವುದೂ ಇಲ್ಲ. 24ಕ್ಕೆ ಬಂದರೆ ಸಾಕು, ಸುಮಾರು 8 ನಿಮಿಷ. ಚಿತ್ರ ನಿಲ್ಲಿಸುವ ಹೈಪೋ, ಕೊನೆಗೆ ತೊಳೆಯುವ ನೀರು ಎಲ್ಲವೂ ಅದೇ ಬಿಸಿಯಲ್ಲಿ ಇರಬೇಕು.

ರೀಲನ್ನು ಸ್ಪೈರಲ್ ಎಂಬ ಸುರುಳಿ ಚಕ್ರಕ್ಕೆ ಸುತ್ತಿ ತೊಳೆಯುವ ಡಬ್ಬಿಗೆ, ಅಂದರೆ ಫಿಲಂ ಟ್ಯಾಂಕಿಗೆ, ಇಳಿಸಲು ಕತ್ತಲೆ ಬೇಕು. ರಾತ್ರಿ ಕರೆಂಟ್ ಹೋದಾಗ ಓಣಿಯೆಲ್ಲ ಬೈಯುತ್ತದೆ, ನಾನೊಬ್ಬ ಖುಷಿಯಿಂದ ಏಳುತ್ತೇನೆ. ಬೆವರಿದ ಕೈ ಮಾತ್ರ ಒರೆಸಿಕೊಳ್ಳಲೇಬೇಕು. ಸ್ಪೈರಲ್‌ಗೆ ಹಸಿ ತಾಗಿದರೆ ಫಿಲಂ ಅಲ್ಲೇ ಕಚ್ಚಿಕೊಳ್ಳುತ್ತದೆ.

ಇನ್ನು ನೀರು. ಫಿಲಂನ ಹೈಪೋ ಹೋಗಲು ಹರಿಯುವ ನಲ್ಲಿಯ ಕೆಳಗೆ ತೊಳೆಯಿರಿ ಎನ್ನುತ್ತಾರೆ. ನಮ್ಮ ಓಣಿಗೆ ನೀರು ಬರುವುದೇ ವಾರಕ್ಕೊಮ್ಮೆ. ನಲ್ಲಿ ಬಿಟ್ಟು ಕೂತರೆ ಅವ್ವ ಸುಮ್ನೆ ಬಿಡುತ್ತಾಳಾ? ಅದಕ್ಕೆ ಇಲ್‌ಫೋರ್ಡ್‌ನವರೇ ಹೇಳಿದ ದಾರಿ ಇದೆ. ಟ್ಯಾಂಕ್ ತುಂಬಿ ಐದು ಸಲ ಮಗುಚಿ ಚೆಲ್ಲುವುದು, ಮತ್ತೆ ತುಂಬಿ ಹತ್ತು ಸಲ, ಕೊನೆಗೆ ಇಪ್ಪತ್ತು. ಒಂದು ಸಲಕ್ಕೆ 300 ಎಂ.ಎಲ್. ಸಾಕು. ಔಷಧಿ ಕಲಸುವ ನೀರೂ ಸೇರಿದರೆ ಮೂರು ತಂಬಿಗೆ ದಾಟುವುದಿಲ್ಲ.

ಬೋರಿನ ಗಡಸು ನೀರು ಒಣಗಿದರೆ ಫಿಲಂ ಮೇಲೆ ಬಿಳಿ ಕಲೆ ನಿಲ್ಲುತ್ತದೆ. ಕೊನೆಯ ಅದ್ದಿಗೆ ಬ್ಯಾಟರಿ ನೀರು ತರುತ್ತೇನೆ. ಅಂಗಡಿಯವರು ‘ಯಾವ ಗಾಡಿರೀ?’ ಅಂತ ಕೇಳುತ್ತಾರೆ. ಫೋಟೋಕ್ಕೆ ಅಂತ ಒಮ್ಮೆ ಹೇಳಿ ನೋಡಿದೆ, ಅರ್ಧ ಗಂಟೆ ಹೋಯಿತು. ಈಗ ಇನ್ವರ್ಟರ್‌ಗೆ ಅಂದುಬಿಡುತ್ತೇನೆ.