ಎರಡು ಇಂಕಿನಲ್ಲೊಂದು ರೆಕಾರ್ಡ್ ಕವರ್

‘ಹಳೇ ಎಲ್‌ಪಿ (ಲಾಂಗ್ ಪ್ಲೇ ರೆಕಾರ್ಡ್) ಕವರ್ ಥರ ಇರಲಿ’ ಎಂದು ನನ್ನ ಬಳಿ ಬರುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಮಾಸಿದ ಬಣ್ಣ, ಗೀರುಗಳು, ಸವೆದ ಮೂಲೆ, ನಡುವೆ ದೊಡ್ಡದೊಂದು ಉಂಗುರದ ಗುರುತು. ಆ ಉಂಗುರವನ್ನು ಯಾವ ವಿನ್ಯಾಸಕಾರನೂ ಬರೆದಿಲ್ಲ. ಒಳಗಿನ ತಟ್ಟೆ ವರ್ಷಗಟ್ಟಲೆ ಒತ್ತಿ ಮೂಡಿದ್ದು ಅದು. ಅಂಗಡಿಗೆ ಬಂದ ದಿನ ಆ ಕವರುಗಳು ಗರಿಗರಿಯಾಗಿಯೇ ಇದ್ದವು. ಹಾಗಾಗಿ ವಾದ್ಯಸಂಗೀತದ ತಂಡವೊಂದು ನನ್ನಿಂದ ಇಂಥ ಕವರ್ ಬಯಸಿದಾಗ ಸವಕಲು ಟೆಕ್ಸ್‌ಚರ್‌ಗಳ ಫೋಲ್ಡರನ್ನು ತೆರೆಯಲೇ ಇಲ್ಲ. ಅಂದಿನವರಿಗೆ ಏನೇನು ಸಿಗುತ್ತಿರಲಿಲ್ಲ ಎಂದು ನೋಡುತ್ತಾ ಹೋದೆ.

ನಿಮಿಷಕ್ಕೆ 78 ಸುತ್ತು ತಿರುಗುವ ರೆಕಾರ್ಡುಗಳ (78 ಆರ್‌ಪಿಎಂ) ಕಾಲದಲ್ಲಿ ಹಲವು ತಟ್ಟೆಗಳನ್ನು ಫೋಟೋ ಆಲ್ಬಂನಂಥ ರಟ್ಟಿನ ಪುಸ್ತಕದಲ್ಲಿ ಸೇರಿಸಿ ಮಾರುತ್ತಿದ್ದರು. ಆಲ್ಬಂ ಎಂಬ ಹೆಸರು ಅಲ್ಲಿಂದಲೇ ಬಂತು. ಹೆಚ್ಚಿನವುಗಳ ಮೇಲೆ ಹೆಸರಿನ ಹೊರತು ಬೇರೇನೂ ಇರುತ್ತಿರಲಿಲ್ಲ. ಕೊಲಂಬಿಯಾ ರೆಕಾರ್ಡ್ಸ್‌ನ ಅಲೆಕ್ಸ್ ಸ್ಟೈನ್‌ವೈಸ್ 1940ರ ಆಸುಪಾಸಿನಲ್ಲಿ ಅದಕ್ಕೆ ಚಿತ್ರವನ್ನೂ ಕೈಯಲ್ಲಿ ಬರೆದ ಅಕ್ಷರವನ್ನೂ ತಂದರು. 1948ರಲ್ಲಿ ಎಲ್‌ಪಿ ಬಂತು. ಆಮೇಲೆ ಹನ್ನೆರಡು ಇಂಚಿನ ಚೌಕವೇ ವಿನ್ಯಾಸಕಾರರ ಅಂಗಳವಾಯಿತು.

ನಾನು ಬಹಳ ಹೊತ್ತು ಕೂತದ್ದು ಬ್ಲೂ ನೋಟ್ ಎಂಬ ಜಾಝ್ ರೆಕಾರ್ಡ್ ಕಂಪನಿಗೆ ವಿನ್ಯಾಸಕಾರ ರೀಡ್ ಮೈಲ್ಸ್ ಮಾಡಿದ ಕವರುಗಳ ಮುಂದೆ. ಟ್ರೇಸಿಂಗ್ ಪೇಪರ್ ಹಾಸಿ, ಅಕ್ಷರ ಎಲ್ಲಿ ಶುರುವಾಗುತ್ತದೆ, ಫೋಟೋ ಎಲ್ಲಿ ಕತ್ತರಿಸಿದೆ ಎಂದು ಗೆರೆ ಎಳೆಯುತ್ತಾ ಹೋದೆ. ಫ್ರಾನ್ಸಿಸ್ ವುಲ್ಫ್ ತೆಗೆದ ಚೆಂದದ ಫೋಟೋಗಳ ಹಣೆ, ಭುಜಗಳನ್ನು ಮೈಲ್ಸ್ ಯಾವ ದಾಕ್ಷಿಣ್ಯವೂ ಇಲ್ಲದೆ ಹಾರಿಸಿಬಿಡುತ್ತಿದ್ದ. ಎಷ್ಟೋ ಕವರುಗಳಲ್ಲಿ ಕಪ್ಪಿನ ಜೊತೆಗೆ ಒಂದೇ ಒಂದು ಬಣ್ಣ. ಸ್ಯಾಕ್ಸೊಫೋನ್ ವಾದಕ ಜ್ಯಾಕಿ ಮೆಕ್ಲೀನ್ ಅವರ ‘ಇಟ್ಸ್ ಟೈಮ್!’ ನೋಡಿ. ಫೋಟೋ ಒಂದು ಮೂಲೆಯಲ್ಲಿ ಪುಟ್ಟದಾಗಿದೆ, ಉಳಿದ ಜಾಗವೆಲ್ಲ ಆಶ್ಚರ್ಯಸೂಚಕ ಚಿಹ್ನೆಗಳದ್ದೇ. ಬಣ್ಣ ಕಡಿಮೆಯಿದ್ದಲ್ಲಿ ಚಿತ್ರದ ಕೆಲಸವನ್ನು ಅಕ್ಷರವೇ ಹೊತ್ತಿತ್ತು.

ನಾನೂ ಎರಡೇ ಇಂಕು ಎಂದು ನಿರ್ಧರಿಸಿದೆ: ಕಿತ್ತಳೆ ಮತ್ತು ಗಾಢ ನೀಲಿ. ಆಫ್‌ಸೆಟ್ ಇಂಕು ಪಾರದರ್ಶಕ. ಒಂದರ ಮೇಲೊಂದು ಬಿದ್ದಲ್ಲಿ ಕಪ್ಪಿಗೆ ಹತ್ತಿರದ ಕಂದು ಹುಟ್ಟುತ್ತದೆ, ಕಾಗದದ ಬಿಳಿ ಹೇಗೂ ಇದೆ. ಇಂಕಿಗೊಂದರಂತೆ ಎರಡು ಅಚ್ಚಿನ ಪ್ಲೇಟಿನಲ್ಲಿ ನಾಲ್ಕು ಬಣ್ಣ ಬಂದಂತಾಯಿತು. ಕಂಪ್ಯೂಟರಿನಲ್ಲಿ ಎರಡು ಲೇಯರ್ ಮಾಡಿ ಮೇಲಿನದನ್ನು ಬಣ್ಣ ಬೆರೆಸುವ ಮಲ್ಟಿಪ್ಲೈ ಆಯ್ಕೆಗೆ ಹಾಕಿದರೆ ಅಂದಾಜು ಸಿಗುತ್ತದೆ. ಅಂದಾಜು ಮಾತ್ರ, ಪರದೆಯ ಕಂದನ್ನು ನಂಬಿ ಮುದ್ರಣಕ್ಕೆ ಕೊಡಬಾರದು, ಪ್ರೂಫ್ (ಮಾದರಿ ಅಚ್ಚು) ತೆಗೆಸಲೇಬೇಕು. ಇನ್ನೊಂದು ಕಟ್ಟುಪಾಡನ್ನೂ ಹಾಕಿಕೊಂಡೆ. ಬಿಳಿ ಅಕ್ಷರ ಬೇಕಿದ್ದರೆ ಅದನ್ನು ಒಂದೇ ಬಣ್ಣದಿಂದ ಕೊರೆಯಬೇಕು, ಅಂದರೆ ಅಕ್ಷರದ ಜಾಗದಲ್ಲಿ ಆ ಇಂಕು ಬೀಳದಂತೆ ಖಾಲಿ ಬಿಡಬೇಕು. ಎರಡೂ ಪ್ಲೇಟಿನಿಂದ ಕೊರೆದರೆ ಕಾಗದ ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿನಲ್ಲಿ ಬೇಡದ ಬಣ್ಣ ಇಣುಕುತ್ತದೆ. ಫೋಟೋವನ್ನು ನೀಲಿಯೊಂದರಲ್ಲೇ ಹಾಫ್‌ಟೋನ್ ಮಾಡಿ, ಅಂದರೆ ಸಣ್ಣ ದೊಡ್ಡ ಚುಕ್ಕಿಗಳಾಗಿ ಒಡೆದು, ಆ ಚುಕ್ಕಿಗಳ ಸಾಲನ್ನು 45 ಡಿಗ್ರಿಗೆ ತಿರುಗಿಸಿದೆ. ಅಡ್ಡ ಸಾಲು, ಉದ್ದ ಸಾಲು ಕಣ್ಣಿಗೆ ಬೇಗ ಬೀಳುತ್ತವೆ, ಓರೆ ಸಾಲು ಅಷ್ಟಾಗಿ ಕಾಣುವುದಿಲ್ಲ.

ನಿಜವಾದ ಕುಸ್ತಿ ನಡೆದದ್ದು ಕನ್ನಡ ಅಕ್ಷರಗಳ ಜೊತೆ. ರೋಮನ್ ದೊಡ್ಡಕ್ಷರಗಳ ತಲೆಯೂ ಬುಡವೂ ಸಮ, ಇಟ್ಟಿಗೆಯಂತೆ ಸಾಲಿನ ಮೇಲೆ ಸಾಲು ಪೇರಿಸಬಹುದು. ನಮ್ಮಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಸಾಲುಗಳನ್ನು ಹತ್ತಿರ ತಂದರೆ ಎರಡೂ ಡಿಕ್ಕಿ. ಅಂತರ ಹೆಚ್ಚಿಸಿದರೆ ಜಗಳ ಮುಗಿಯುತ್ತದೆ, ಜೊತೆಗೆ ಆ ಬಿಗಿಯೂ ಹೋಗುತ್ತದೆ. ದೊರೆತ ದಪ್ಪ ಫಾಂಟುಗಳಲ್ಲಿ ಇನ್ನೊಂದು ತೊಂದರೆ: ‘ಣ’, ‘ಖ’ಗಳ ಒಳಗಿನ ಖಾಲಿ ಜಾಗ ಮುಚ್ಚಿಹೋಗಿ ದೂರದಿಂದ ಬರೀ ಉಂಡೆ ಕಾಣುತ್ತದೆ.

ಕಡೆಗೆ ಕಪ್ಪು ಕಾಗದ, ಕತ್ತರಿ ಹಿಡಿದು ಕೂತೆ. ಕತ್ತರಿಗೆ ಸಣ್ಣ ಬಳುಕು ಒಗ್ಗುವುದಿಲ್ಲ, ಅದರಿಂದಲೇ ಅಕ್ಷರಕ್ಕೆ ಒಂದು ಒರಟು ಕೋನ ಬಂತು. ಒಳಗಿನ ಕಿಂಡಿಗಳನ್ನು ಕಣ್ಣು ಕೇಳಿದ್ದಕ್ಕಿಂತ ತುಸು ಅಗಲವಾಗಿಯೇ ಕತ್ತರಿಸಿದೆ, ಏಕೆಂದರೆ ಹೊಳಪಿಲ್ಲದ ಕಾಗದದ ಮೇಲೆ ಇಂಕು ಹರಡುತ್ತದೆ. ಹೆಸರು ಎರಡು ಸಾಲಿನದು. ಮೇಲೆ ಒಂದು ‘ತ್ತ’, ಸರಿಯಾಗಿ ಅದರ ಕೆಳಗೆ ಒಂದು ‘ಕಿ’. ಎಷ್ಟು ಸರಿಸಿದರೂ ‘ತ್ತ’ದ ಒತ್ತು ಬಂದು ‘ಕಿ’ಯ ಗುಡಿಸಿನ ಮೇಲೆ ಕೂರುತ್ತಿತ್ತು. ಕೂರಲಿ ಎಂದು ಬಿಟ್ಟೆ. ಮೇಲಿನ ಸಾಲನ್ನು ಕಿತ್ತಳೆಗೆ, ಕೆಳಗಿನದನ್ನು ನೀಲಿಗೆ ಹಾಕಿದೆ. ಡಿಕ್ಕಿಯಾದಲ್ಲಿ ತಾನಾಗಿಯೇ ಕಂದು ಬಣ್ಣದ ಕೊಂಡಿಯೊಂದು ಮೂಡಿತು. ಇಡೀ ಕವರಿನಲ್ಲಿ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಫೋಟೋವನ್ನು ಅದಕ್ಕಾಗಿ ಇನ್ನಷ್ಟು ಕುಗ್ಗಿಸಿ ಎಡ ಅಂಚಿಗೆ ತಳ್ಳಿದೆ.

ಕಲಾವಿದರ ಹೆಸರಿಗೆ ಮಾತ್ರ ಸಾದಾ ಫಾಂಟು, ಅಕ್ಷರಗಳ ನಡುವಿನ ಅಂತರವನ್ನು ಕೈಯಾರೆ ಹೊಂದಿಸಿದ್ದು. ಇಂಗ್ಲಿಷ್ ಸಾಲಿಗೆ ಕೂಪರ್ ಬ್ಲ್ಯಾಕ್ ಎಂಬ ದಪ್ಪ ಫಾಂಟು ಹಾಕಿದರೆ ಎಪ್ಪತ್ತರ ದಶಕ ಬಂದುಬಿಡುತ್ತದೆ ಎಂದು ತಂಡದವರೊಬ್ಬರು ಸೂಚಿಸಿದರು. ಅದು 1922ರ ಅಕ್ಷರ ಎಂದಾಗ ನಕ್ಕು ಸುಮ್ಮನಾದರು. ಅಷ್ಟಕ್ಕೂ ಈಗ ಅದನ್ನು ಎಲ್ಲರೂ ಎಲ್ಲದಕ್ಕೂ ಬಳಸಿ ಸಾಕುಮಾಡಿದ್ದಾರೆ.

ಹಿಂಬದಿ ನೀಲಿಯೊಂದರಲ್ಲೇ, ಮೂರು ಕಾಲಂ, ಅಷ್ಟೆ. ಮುಂಬದಿಯ ಹಾಳೆಯನ್ನು ಬೇರೆಯಾಗಿ ಅಚ್ಚುಮಾಡಿಸಿ ದಪ್ಪ ರಟ್ಟಿಗೆ ಅಂಟಿಸಿದ್ದೇವೆ. ಹಳೆಯ ಅಮೆರಿಕನ್ ಎಲ್‌ಪಿಗಳಲ್ಲಿ ಸಾಮಾನ್ಯವಾಗಿದ್ದ ರೀತಿ ಅದು. ಮಡಿಕೆಯ ಬಳಿ ಕಾಗದ ಬಿರಿಯದಂತೆ ಅದರ ನಾರು ಮಡಿಕೆಗೆ ಸಮಾನಾಂತರವಾಗಿ ಇರುವಂತೆ ಮುದ್ರಕರಿಗೆ ಮೊದಲೇ ಹೇಳಿಡಿ.

ಫೋನಿನ ಪರದೆಗೆ ಬೇರೆ ಕವರ್ ಬೇಕೇ ಎಂಬ ಮಾತು ಕೊನೆಗೆ ಬಂತು. ರೆಕಾರ್ಡ್ ಅಂಗಡಿಯ ಸಾಲಿನಲ್ಲಿ ಒಂದರ ಹಿಂದೊಂದು ನಿಂತ ಕವರುಗಳ ಮೇಲ್ಭಾಗವಷ್ಟೇ ಕಾಣುತ್ತಿತ್ತು, ಅದಕ್ಕೇ ಅಂದಿನವರು ಹೆಸರನ್ನು ಎಷ್ಟೋ ಸಲ ನೆತ್ತಿಯಲ್ಲಿಡುತ್ತಿದ್ದರು. ನಾನೂ ಹಾಗೇ ಇಟ್ಟಿದ್ದರಿಂದ ಉಗುರಿನಷ್ಟು ಸಣ್ಣದಾದರೂ ಓದಲು ಬಂತು. ಸಣ್ಣಕ್ಷರದ ಸಾಲನ್ನು ತೆಗೆದು ಉಳಿದದ್ದನ್ನು ಹಾಗೇ ಕಳಿಸಿದೆ.