ಸಬ್‌ಸ್ಕ್ರೈಬರ್ ಸಂಖ್ಯೆ ಬಿಡಿ, ಮರಳಿ ಬರುವವರನ್ನು ನೋಡಿ

ಒಂದು ವಿಡಿಯೊ ವೈರಲ್ ಆದ ಮಾತ್ರಕ್ಕೆ ಚಾನೆಲ್ ಬೆಳೆಯಿತು ಅಂತಲ್ಲ. ಯೂಟ್ಯೂಬ್ ಸ್ಟುಡಿಯೊದ ಅನಾಲಿಟಿಕ್ಸ್‌ನಲ್ಲಿ ‘ಆಡಿಯನ್ಸ್’ ವಿಭಾಗ ತೆರೆದು, ಮರಳಿ ಬರುವ ವೀಕ್ಷಕರು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದಾರೆಯೇ ನೋಡಿ. ಹೊಸಬರಷ್ಟೇ ಹೆಚ್ಚುತ್ತಿದ್ದರೆ, ಬಂದವರು ನಿಲ್ಲುತ್ತಿಲ್ಲ.

ಆಮೇಲೆ ರಿಟೆನ್ಷನ್ ಗ್ರಾಫ್, ಅಂದರೆ ವಿಡಿಯೊದ ಯಾವ ಕ್ಷಣದಲ್ಲಿ ಎಷ್ಟು ಜನ ನೋಡುತ್ತಿದ್ದರು ಎಂದು ತೋರಿಸುವ ಗೆರೆ. ಮೊದಲ 30 ಸೆಕೆಂಡಿನಲ್ಲೇ ಗೆರೆ ಕಡಿದಾಗಿ ಇಳಿದಿದ್ದರೆ, ಥಂಬ್‌ನೇಲ್‌ನಲ್ಲಿ ಹೇಳಿದ್ದೊಂದು, ವಿಡಿಯೊದಲ್ಲಿ ಶುರುವಾಗಿದ್ದು ಇನ್ನೊಂದು ಆಗಿರುತ್ತದೆ. ಇಲ್ಲವೇ ಲೋಗೊ, ನಮಸ್ಕಾರ, ‘ಸಬ್‌ಸ್ಕ್ರೈಬ್ ಮಾಡಿ’ ಅನ್ನುವುದರಲ್ಲೇ ಸಮಯ ಹೋಗಿರುತ್ತದೆ. ಅದನ್ನೆಲ್ಲ ಕತ್ತರಿಸಿ, ಮೊದಲ ವಾಕ್ಯದಲ್ಲೇ ವಿಷಯಕ್ಕೆ ಬನ್ನಿ. ನಡುವೆ ಗೆರೆ ಉಬ್ಬಿದ್ದರೆ ಜನ ಆ ಭಾಗವನ್ನು ಹಿಂದೆ ಸರಿಸಿ ಮತ್ತೆ ನೋಡಿದ್ದಾರೆ, ಅಥವಾ ನೇರವಾಗಿ ಅಲ್ಲಿಗೇ ಹಾರಿದ್ದಾರೆ. ಮುಂದಿನ ವಿಡಿಯೊಗೆ ವಿಷಯ ಅಲ್ಲೇ ಇದೆ.

ದಿನಕ್ಕೊಂದು ಹಾಕುವ ಹಟ ಬೇಡ. ವಾರಕ್ಕೊಂದು ಸಾಕು, ಆದರೆ ಎಡಿಟ್ ಮುಗಿದ ಎರಡಾದರೂ ಯಾವಾಗಲೂ ಕೈಯಲ್ಲಿರಲಿ, ಜ್ವರ ಬಂದ ವಾರವೂ ತಪ್ಪುವುದಿಲ್ಲ.